ಪೈಪಿನ ತುದಿ ಅರಳಿಸುವ ಮುನ್ನ

ಅವಳು: ಅಣ್ಣ, ಅಜ್ಜನ ಅಂಬಾಸಿಡರಿನ ಬ್ರೇಕ್ ಪೈಪು, ಪೆಟ್ರೋಲ್ ಪೈಪು ಎರಡನ್ನೂ ಪೂರ್ತಿ ಸ್ಟೇನ್‌ಲೆಸ್ ಸ್ಟೀಲಿಗೆ ಬದಲಾಯಿಸಬೇಕು ಅಂತ ಉಂಟು. ಪೈಪು ನಾನೇ ಬಗ್ಗಿಸ್ತೇನೆ, ತುದಿ ಅರಳಿಸಿ ಫ್ಲೇರ್ ಕೂಡ ನಾನೇ ಹೊಡೀತೇನೆ. ನೀವು ಹತ್ತಿರ ನಿಂತು ಹೇಳಿಕೊಟ್ಟರೆ ಸಾಕು.

ಮೇಸ್ತ್ರಿ: ಹೇಳಿಕೊಡೋಣ. ಮೊದಲು ನೀನು ಹೇಳು, ಎಸ್‌ಎಸ್ ಯಾಕೆ ಬೇಕು? ಹೊಳೆಯುತ್ತೆ ಅಂತ ಆದ್ರೆ ಬೇಡ. ಹೊಳಪಿಗೆ ಬೇರೆ ಜಾಗ ಬೇಕಾದಷ್ಟಿದೆ, ಬ್ರೇಕ್ ಪೈಪು ಅದಕ್ಕಲ್ಲ.

ಅವಳು: ಹೊಳಪಿಗಲ್ಲ. ಕಾರು ಇಷ್ಟು ವರ್ಷ ಇದ್ದದ್ದು ಉಡುಪಿಯಲ್ಲಿ. ಕಡಲ ಗಾಳಿ, ನಾಲ್ಕು ತಿಂಗಳ ಮಳೆ, ಚಾಸಿಗೆ ಅಂಟಿದ ಕೆಸರು. ಹಳೇ ಪೈಪನ್ನು ಬಿಚ್ಚಿದಾಗ ಕ್ಲಿಪ್ಪಿನ ಅಡಿಯಲ್ಲೇ ಹೆಚ್ಚು ತುಕ್ಕು. ಬೆರಳಲ್ಲಿ ಕೆರೆದರೆ ಪದರ ಪದರವಾಗಿ ಏಳ್ತದೆ. ಇನ್ನೊಮ್ಮೆ ಅದೇ ಜಾತಿಯ ಪೈಪು ಹಾಕಿದರೆ ಇನ್ನೊಮ್ಮೆ ಅದೇ ಕಥೆ.

ಮೇಸ್ತ್ರಿ: ಇದು ಒಪ್ಪೋ ಕಾರಣ. ಹಳೇ ಪೈಪು ಕಬ್ಬಿಣದ ತಗಡನ್ನ ಎರಡು ಸುತ್ತು ಸುತ್ತಿ, ನಡುವೆ ತಾಮ್ರ ಕರಗಿಸಿ ಬೆಸೆದದ್ದು. ಬಂಡಿ ಟ್ಯೂಬ್ ಅಂತಾರೆ. ಗಟ್ಟಿ, ಅಗ್ಗ, ಫ್ಲೇರ್‌ಗೂ ಚೆನ್ನಾಗಿ ಬಗ್ಗುತ್ತೆ. ಉಪ್ಪಿನ ಗಾಳಿ ಮಾತ್ರ ಅದಕ್ಕೆ ಆಗಲ್ಲ. ಆದ್ರೆ ತುಕ್ಕಿಗೆ ಎಸ್‌ಎಸ್ ಒಂದೇ ಮದ್ದು ಅಂದುಕೋಬೇಡ. ತಾಮ್ರ-ನಿಕಲ್ ಮಿಶ್ರದ ಪೈಪಿದೆ. ವೋಲ್ವೋದವರು 1970ರ ದಶಕದಿಂದಲೇ ತಮ್ಮ ಕಾರುಗಳಿಗೆ ಹಾಕಿದಾರೆ. ಕೈಯಲ್ಲೇ ಬಗ್ಗುತ್ತೆ, ಡಬಲ್ ಫ್ಲೇರ್ ಮೊದಲ ಸಲಕ್ಕೇ ಬರುತ್ತೆ, ಉಪ್ಪಿಗೂ ಹೆದರಲ್ಲ.

ಅವಳು: ಬರೀ ತಾಮ್ರದ ಪೈಪು?

ಮೇಸ್ತ್ರಿ: ಬ್ರೇಕಿಗೆ ಬೇಡ. ಗಾಡಿ ಅದುರಿ ಅದುರಿ ಅದು ಬಿರುಕು ಬಿಡುತ್ತೆ. ತಾಮ್ರ-ನಿಕಲ್ ಬೇರೆ, ತಾಮ್ರ ಬೇರೆ.

ಅವಳು: ತಾಮ್ರ-ನಿಕಲ್ ನಾನೂ ಯೋಚಿಸಿದ್ದೆ. ಆದರೆ ಈ ಕಾರು ಇನ್ನೂ ಘಟ್ಟದ ಮೇಲಿನ ತೋಟದ ದಾರಿಯಲ್ಲೇ ಓಡ್ಲಿಕ್ಕೆ ಉಂಟು. ಜಲ್ಲಿ ಸಿಡಿದು ಚಾಸಿಯ ಅಡಿಗೆ ಬಡೀತದೆ. ಮೆತ್ತಗಿನ ಪೈಪಿಗೆ ನೆಗ್ಗು ಬೀಳ್ತದೆ. ಸ್ಟೇನ್‌ಲೆಸ್ ಅದನ್ನು ತಾಳ್ತದೆ.

ಮೇಸ್ತ್ರಿ: ಹಾಗಾದ್ರೆ ಎಸ್‌ಎಸ್ ಹಾಕೋಣ. ಒಂದು ಮಾತು ಈಗಲೇ ತಿಳ್ಕೊ. ತಾಮ್ರ-ನಿಕಲ್ ನಿನ್ನ ಕೈಯ ಅರ್ಧ ತಪ್ಪನ್ನ ಮುಚ್ಚಿ ಹಾಕುತ್ತೆ. ಎಸ್‌ಎಸ್ ಒಂದನ್ನೂ ಮುಚ್ಚಲ್ಲ. ಫ್ಲೇರಿನ ಹಣೆಬರಹ ಟೂಲ್ ತಿರುಗಿಸೋ ಮೊದಲೇ ಬರೆದಾಗಿರುತ್ತೆ. ಯಾವ ಪೈಪು ತಂದೆ, ಹೇಗೆ ಕುಯ್ದೆ, ಅಂಚನ್ನ ಹೇಗೆ ಉಜ್ಜಿದೆ ಅನ್ನೋದರಲ್ಲಿ.

ಅವಳು: ನಾನೊಂದು ಲೆಕ್ಕ ಮಾಡಿ ನೋಡಿದ್ದೆ. ಪೆಡಲಿನ ಮೇಲೆ ಮೂವತ್ತು ಕೆ.ಜಿ. ಭಾರ ಬಿಟ್ಟರೆ, ಪೆಡಲಿನ ಸನ್ನೆ ಅದನ್ನು ಐದು ಪಟ್ಟು ಮಾಡಿದರೆ, ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಮೇಲೆ 150 ಕೆ.ಜಿ. ಸಿಲಿಂಡರು ಮುಕ್ಕಾಲು ಇಂಚಿನದ್ದು ಅಂತ ಇಟ್ಟುಕೊಂಡರೆ ಚದರ ಸೆಂಟಿಮೀಟರಿಗೆ 53 ಕೆ.ಜಿ. ಹತ್ತಿರ ಬರ್ತದೆ. ಟೈರಿನ ಗಾಳಿ ಎರಡು ಕೆ.ಜಿ. ಮಾತ್ರ. ಗಾಬರಿಯಲ್ಲಿ ಒತ್ತಿದರೆ ಇದು ಇನ್ನೂ ಏರ್ತದೆ.

ಮೇಸ್ತ್ರಿ: ಪೈಪು ಎಷ್ಟು ತಡೆಯುತ್ತೆ?

ಅವಳು: ಹೊರ ಅಳತೆ 3/16 ಇಂಚು, ಅಂದರೆ 4.75 ಮಿ.ಮೀ. ಗೋಡೆ 0.7 ಮಿ.ಮೀ. ಅಷ್ಟು ಸಣ್ಣ ಸ್ಟೇನ್‌ಲೆಸ್ ಪೈಪು ಒಡೀಬೇಕಾದರೆ ಲೆಕ್ಕದ ಪ್ರಕಾರ ಚದರ ಸೆಂಟಿಮೀಟರಿಗೆ 1,500 ಕೆ.ಜಿ. ಬೇಕು. ನಮಗೆ ಬೇಕಾದ್ದಕ್ಕಿಂತ ಇಪ್ಪತ್ತೈದು ಪಟ್ಟಿಗೂ ಹೆಚ್ಚು.

ಮೇಸ್ತ್ರಿ: ನೋಡು, ನಿನ್ನ ಲೆಕ್ಕವೇ ಹೇಳ್ತಾ ಇದೆ. ಪೈಪಿನ ಮಧ್ಯಕ್ಕೆ ಭಯ ಇಲ್ಲ. ಭಯ ಇರೋದು ತುದಿಯಲ್ಲಿ. ನಟ್ಟಿನ ಒಳಗೆ ಬೆರಳುಗುರಿಗಿಂತ ಸಣ್ಣ ಒಂದು ಅಂಚು ಇರುತ್ತಲ್ಲ, ಆ ಪೂರ್ತಿ ಒತ್ತಡ ನಿಲ್ಲೋದು ಅದರ ಮೇಲೆ. ಅದರಲ್ಲೂ ಆ ಕಾಲದ ಕಾರಲ್ಲಿ ಬ್ರೇಕಿಗೆ ಒಂದೇ ಸರ್ಕ್ಯೂಟು. ಈಗಿನ ಗಾಡಿಗಳಲ್ಲಿ ಎರಡಿರುತ್ತೆ, ಒಂದು ಹೋದ್ರೂ ಇನ್ನೊಂದು ಹಿಡಿಯುತ್ತೆ. ನಿಮ್ಮಜ್ಜನ ಗಾಡಿಯಲ್ಲಿ ಒಂದು ಅಂಚು ಸೋರಿದ್ರೆ ನಾಲ್ಕು ಚಕ್ರದ ಬ್ರೇಕೂ ಹೋಗುತ್ತೆ.

ಅವಳು: ಹೈಡ್ರಾಲಿಕ್ ಬ್ರೇಕಿನ ಶಕ್ತಿಯೂ ದೌರ್ಬಲ್ಯವೂ ಅದೇ ಅಲ್ವಾ? ಮಾಲ್ಕಮ್ ಲಾಕ್‌ಹೀಡ್ ಅನ್ನುವವರು ಪೇಟೆಂಟ್ ಪಡೆದದ್ದು 1917ರಲ್ಲಿ. 1921ರಲ್ಲಿ ಅಮೆರಿಕದ ಡ್ಯೂಸನ್‌ಬರ್ಗ್ ಕಾರು ನಾಲ್ಕೂ ಚಕ್ರಕ್ಕೆ ಅದನ್ನು ಹಾಕಿತು. ಅದಕ್ಕಿಂತ ಮೊದಲು ಸರಳು, ತಂತಿ. ಅದರಲ್ಲಿ ಒಂದು ಚಕ್ರ ಬಿಗಿ, ಇನ್ನೊಂದು ಸಡಿಲ. ದ್ರವ ಬಂದ ಮೇಲೆ ಎಲ್ಲ ಕಡೆಗೂ ಒಂದೇ ಒತ್ತಡ. ಆದರೆ ಎಲ್ಲ ಕಡೆಗೂ ಅಂದರೆ ಕೆಟ್ಟ ಸಂದಿಗೂ ಅದೇ ಒತ್ತಡ.

ಮೇಸ್ತ್ರಿ: ಸರಿಯಾಗಿ ಹೇಳಿದೆ. ಈಗ ಲೋಹದ ಮಾತಿಗೆ ಬಾ. ಎಸ್‌ಎಸ್ ಪೈಪಿನ ಅಂಚು ಯಾಕೆ ಸೀಳುತ್ತೆ ಅಂತ ನಿಮ್ಮ ಕಾಲೇಜಲ್ಲಿ ಏನು ಹೇಳಿಕೊಟ್ರು?

ಅವಳು: ನೂರರಲ್ಲಿ 18 ಪಾಲು ಕ್ರೋಮಿಯಂ, 8 ಪಾಲು ನಿಕಲ್ ಇರುವ 304 ಅನ್ನುವ ಜಾತಿ ನಾವು ಸಾಮಾನ್ಯವಾಗಿ ಬಳಸುವುದು. ಅದನ್ನು ತಣ್ಣಗೆ ಹಿಗ್ಗಿಸಿದರೆ, ಬಗ್ಗಿಸಿದರೆ, ಒಳಗಿನ ಹರಳಿನ ಕಟ್ಟಡವೇ ಬದಲಾಗ್ತದೆ. ಮೆತ್ತಗಿದ್ದ ಭಾಗ ಗಡುಸಾಗ್ತದೆ. ಕೆಲಸ ಮಾಡಿದಷ್ಟೂ ಗಡುಸು. ಹಾಗೆ ಬದಲಾದ ಭಾಗವನ್ನು ಅಯಸ್ಕಾಂತ ಸ್ವಲ್ಪ ಎಳೀತದೆ. ಹೊಸ ಪೈಪಿಗೆ ಅಂಟದ ಅಯಸ್ಕಾಂತ ಫ್ಲೇರ್ ಹೊಡೆದ ತುದಿಗೆ ಮೆಲ್ಲ ತಾಗಬಹುದು.

ಮೇಸ್ತ್ರಿ: ಅದನ್ನ ನಾನು ಕೈಯಲ್ಲಿ ಕಲಿತದ್ದು. ಎಸ್‌ಎಸ್‌ಗೆ ಒಂದು ಸಲ ಮಾಡಿದ ಕೆಲಸವನ್ನ ಅದು ಮರೆಯಲ್ಲ. ಜೋಳದ ರೊಟ್ಟಿ ತಟ್ಟುವಾಗ ನೋಡಿದೀಯಾ? ನಡು ಚೆನ್ನಾಗಿರುತ್ತೆ, ಅಂಚು ಬಿರಿಯುತ್ತೆ. ಯಾಕಂದ್ರೆ ಹೆಚ್ಚು ಹಿಗ್ಗೋದು ಅಂಚೇ. ಫ್ಲೇರಿನಲ್ಲೂ ಹಾಗೇ.

ಅವಳು: ಎಷ್ಟು ಹಿಗ್ಗುತ್ತದೆ ಅಂತಲೂ ಲೆಕ್ಕ ಉಂಟು. ಉದಾಹರಣೆಗೆ ಕಾಲು ಇಂಚಿನ ಪೈಪಿನ ಹೊರ ಅಳತೆ 6.35 ಮಿ.ಮೀ. ಫ್ಲೇರ್ ಆದ ಮೇಲೆ ಅಂಚು ಸುಮಾರು 9 ಮಿ.ಮೀ. ಅಂದರೆ ಶೇಕಡಾ 40ರಷ್ಟು ಹಿಗ್ಗು. ಕಾಯಿಸಿ ಮೆತ್ತಗೆ ಮಾಡಿದ 304ರ ತಗಡು ತುಂಡಾಗುವ ಮೊದಲು ಕನಿಷ್ಠ ಶೇಕಡಾ 40 ಹಿಗ್ಗಬೇಕು ಅಂತ ಮಾನದಂಡ ಹೇಳ್ತದೆ. ಒಳ್ಳೇ ಸರಕು ಅದಕ್ಕಿಂತ ಹೆಚ್ಚೇ ಹಿಗ್ಗಬಹುದು. ಆದರೆ ನಾವು ಕೇಳುವುದು ಕಡಿಮೆ ಏನಲ್ಲ.

ಮೇಸ್ತ್ರಿ: ಅದಕ್ಕೇ ಆ ಅಂಚಿಗೆ ಮೊದಲೇ ಗಾಯ ಮಾಡಬಾರದು. ಗೀರು, ಮುಳ್ಳು, ಬಿಸಿ, ಯಾವುದೂ ಬೇಡ. ಇರೋ ಹಿಗ್ಗುವ ಶಕ್ತಿಯನ್ನೆಲ್ಲ ಫ್ಲೇರಿಗೇ ಉಳಿಸಿಡಬೇಕು.

ಅವಳು: ಬಿಸಿ ಅಂದಿರಲ್ಲ, ಒಂದು ಪ್ರಶ್ನೆ. ತಾಮ್ರದ ಪೈಪನ್ನು ಗ್ಯಾಸ್ ಟಾರ್ಚಿನಲ್ಲಿ ಕೆಂಪಗೆ ಕಾಯಿಸಿದರೆ ಮೆತ್ತಗಾಗ್ತದೆ. ಸ್ಟೇನ್‌ಲೆಸ್ ತುದಿಗೂ ಹಾಗೆ ಮಾಡಬಹುದಾ?

ಮೇಸ್ತ್ರಿ: ಕೆಲವರು ಮಾಡ್ತಾರೆ. ತುದಿ ಕಪ್ಪಾಗುತ್ತೆ, ಒಳಗೆ ಹೊಟ್ಟು ಕಟ್ಟುತ್ತೆ. ಆ ಹೊಟ್ಟು ಮುಂದೆ ಬ್ರೇಕ್ ಆಯಿಲ್ ಜೊತೆ ಸಿಲಿಂಡರಿಗೆ ಹೋಗಿ ರಬ್ಬರನ್ನ ಗೀರುತ್ತೆ. ನನಗೆ ಗೊತ್ತಿರೋದು ಇಷ್ಟು. ಮಿಕ್ಕಿದ್ದು ನೀನು ಹೇಳು.

ಅವಳು: ಮಿಕ್ಕಿದ್ದು ಇನ್ನೂ ಕೆಟ್ಟದ್ದು. ಸ್ಟೇನ್‌ಲೆಸ್ ಸರಿಯಾಗಿ ಮೆತ್ತಗಾಗಲಿಕ್ಕೆ 1,040 ಡಿಗ್ರಿಯ ಮೇಲೆ ಕಾಯಿಸಿ, ತಕ್ಷಣ ತಣಿಸಬೇಕು. ಟಾರ್ಚಿನಲ್ಲಿ ಕಾಯಿಸಿದರೆ ಸುತ್ತಲಿನ ಭಾಗ 450ರಿಂದ 850 ಡಿಗ್ರಿಯ ನಡುವೆ ಸಿಕ್ಕಿಹಾಕಿಕೊಳ್ತದೆ. ಆ ಶಾಖದಲ್ಲಿ ಕ್ರೋಮಿಯಂ ಹೋಗಿ ಇಂಗಾಲದ ಜೊತೆ ಸೇರ್ತದೆ, ಲೋಹದ ಕಣಗಳ ಗಡಿಯಲ್ಲಿ ಕ್ರೋಮಿಯಂ ಕಡಿಮೆಯಾಗ್ತದೆ. ತುಕ್ಕು ತಡೆಯುವುದೇ ಕ್ರೋಮಿಯಂ. ತುಕ್ಕು ಹಿಡಿಯಬಾರದು ಅಂತ ತಂದ ಪೈಪಿಗೆ, ಅದರಲ್ಲೂ ಸಂದಿನ ಹತ್ತಿರವೇ, ತುಕ್ಕಿಗೆ ಬಾಗಿಲು ತೆರೆದ ಹಾಗೆ ಆಗ್ತದೆ.

ಮೇಸ್ತ್ರಿ: ಆಯ್ತು. ಹಾಗಾದ್ರೆ ಮೆತ್ತಗಿನ ಪೈಪನ್ನೇ ತರಬೇಕು. ಇಲ್ಲೇ ಬೆಂಗಳೂರಿನ ಪೀಣ್ಯದ ಪೈಪು ಅಂಗಡಿಗೆ ಹೋಗಿ ಬರೀ "304 ಪೈಪು ಕೊಡಿ" ಅಂತ ಕೇಳಬೇಡ. ರೇಲಿಂಗಿಗೆ ಹಾಕೋದೂ 304ರದ್ದೇ ಇರುತ್ತೆ. ತಗಡನ್ನ ಉರುಳಿಸಿ, ಉದ್ದಕ್ಕೂ ವೆಲ್ಡ್ ಮಾಡಿದ್ದು. ಒಳಗೆ ಬೆಳಕು ಬಿಟ್ಟು ನೋಡಿದ್ರೆ ವೆಲ್ಡಿನ ಗೆರೆ ಕಾಣುತ್ತೆ. ಅದನ್ನ ಅರಳಿಸಿದ್ರೆ ಆ ಗೆರೆಯಲ್ಲೇ ಸೀಳುತ್ತೆ. ನಮಗೆ ಬೇಕಾದ್ದು ವೆಲ್ಡಿನ ಗೆರೆ ಇಲ್ಲದ ಸೀಮ್‌ಲೆಸ್, ಅದೂ ಪೂರ್ತಿ ಅನೀಲ್ ಮಾಡಿದ್ದು, ಅಂದ್ರೆ ಕಾಯಿಸಿ ಮೆತ್ತಗೆ ಮಾಡಿದ್ದು. ಜೊತೆಗೆ ಟೆಸ್ಟ್ ಸರ್ಟಿಫಿಕೇಟ್ ಕೇಳು. ಕೊಡಕ್ಕಾಗಲ್ಲ ಅಂದ್ರೆ ಬೇರೆ ಅಂಗಡಿ ನೋಡು.

ಅವಳು: 316 ತರಬಹುದಾ? ಅದರಲ್ಲಿ ಶೇಕಡಾ ಎರಡರಿಂದ ಮೂರು ಮಾಲಿಬ್ಡಿನಂ ಇರ್ತದೆ, ಉಪ್ಪನ್ನು 304ಕ್ಕಿಂತ ಚೆನ್ನಾಗಿ ತಡೀತದೆ. ಸ್ಟೇನ್‌ಲೆಸ್ ಅಂದರೆ ತುಕ್ಕೇ ಹಿಡಿಯುವುದಿಲ್ಲ ಅಂತ ಅಲ್ಲವಲ್ಲ. ಉಪ್ಪಿನ ಕೆಸರು ಕ್ಲಿಪ್ಪಿನ ಅಡಿಯಲ್ಲಿ ಕೂತರೆ 304ರಲ್ಲೂ ಸೂಜಿ ಚುಚ್ಚಿದಂತೆ ತೂತು ಬೀಳ್ತದೆ.

ಮೇಸ್ತ್ರಿ: ಕರಾವಳಿ ಗಾಡಿಗೆ 316 ಒಳ್ಳೇದೇ. ಬೆಲೆ ಜಾಸ್ತಿ, ಆದ್ರೆ ಒಂದು ಕಾರಿಗೆ ಬೇಕಾಗೋದು ಎಷ್ಟು ಮಹಾ! ಗೋಡೆ ದಪ್ಪ ಮಾತ್ರ ಹೆಚ್ಚು ಬೇಡ. 0.7 ಮಿ.ಮೀ. ಸಾಕು ಅಂತ ನಿನ್ನ ಲೆಕ್ಕವೇ ಹೇಳಿತು. ದಪ್ಪ ಆದಷ್ಟೂ ಅರಳಿಸೋದು ಕಷ್ಟ.

ಅವಳು: ಟೂಲ್ ಬಗ್ಗೆ ಹೇಳಿ. ಎಸ್.ಪಿ. ರೋಡಿನಲ್ಲಿ ಎ.ಸಿ. ಮೆಕ್ಯಾನಿಕ್‌ಗಳು ಬಳಸುವ ಫ್ಲೇರಿಂಗ್ ಸೆಟ್ಟು ಕಡಿಮೆ ಬೆಲೆಗೆ ಸಿಗ್ತದೆ.

ಮೇಸ್ತ್ರಿ: ಅದು ತಾಮ್ರಕ್ಕೆ ಮಾಡಿದ್ದು. ಪೈಪಿನ ಬಾಯಿ ಅರಳಿಸೋ ಅದರ ಕೋನು 45 ಡಿಗ್ರಿ. ಎಸ್‌ಎಸ್ ಪೈಪನ್ನ ಅದರ ಹಿಡಿಯೋ ಬಾರಿನಲ್ಲಿ ಬಿಗಿದ್ರೆ ಜಾರುತ್ತೆ. ಜಾರದೆ ಇರಲಿ ಅಂತ ಇನ್ನೂ ಬಿಗಿದ್ರೆ ಪೈಪಿನ ಮೈಮೇಲೆ ಹಲ್ಲಿನ ಗುರುತು ಬೀಳುತ್ತೆ. ನಮಗೆ ಬೇಕಾದ್ದು 37 ಡಿಗ್ರಿಯ ಟೂಲು. ಕೋನು ಸುಮ್ಮನೆ ನೇರ ಒಳಗೆ ನುಗ್ಗೋ ಥರದ್ದಲ್ಲ, ಸ್ವಲ್ಪ ಓರೆಯಾಗಿ ಕೂತು ಅಂಚಿನ ಮೇಲೆ ಉರುಳ್ತಾ ಹೋಗೋದು. ಇಲ್ಲಾಂದ್ರೆ ಹೈಡ್ರಾಲಿಕ್ ಪ್ರೆಸ್ಸು. ಉರುಳೋ ಕೋನು ಲೋಹವನ್ನ ಸವರಿಕೊಂಡು ಹೋಗುತ್ತೆ, ಅಂಚೂ ನಯವಾಗಿ ಬರುತ್ತೆ.

ಅವಳು: ಆದರೆ ಅಂಬಾಸಿಡರಿನ ಬೇರು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಈ ಕಾರಿನ ಹಳೇ ಪೈಪುಗಳಿಗೆ ಇದ್ದದ್ದು ಡಬಲ್ ಫ್ಲೇರ್, ಅಂಚನ್ನು ಒಳಕ್ಕೆ ಮಡಚಿ ಎರಡು ಪದರ ಮಾಡಿದ್ದು. ಸ್ಟೇನ್‌ಲೆಸ್‌ಗೂ ಅದನ್ನೇ ಮಾಡಿದರೆ ಎಂತ? ಅಮೆರಿಕದಲ್ಲಿ ಡಬಲ್ ಫ್ಲೇರ್ ಮಾಡಿದ ಸ್ಟೇನ್‌ಲೆಸ್ ಪೈಪುಗಳು ರೆಡಿ ಸಿಗ್ತವಲ್ಲ.

ಮೇಸ್ತ್ರಿ: ಅವನ್ನ ಫ್ಯಾಕ್ಟರಿಯಲ್ಲಿ ಮಷೀನು ಮಾಡುತ್ತೆ. ಒಳ್ಳೇ ಮೆತ್ತಗಿನ ಪೈಪು, ಒಳ್ಳೇ ಹೈಡ್ರಾಲಿಕ್ ಟೂಲು ಇದ್ರೆ ನಾವೂ ಮಾಡಬಹುದು. ಕಷ್ಟ ಇರೋದು ಮಡಚುವ ಜಾಗದಲ್ಲಿ. ಒಂದು ಸಲ ಹಿಗ್ಗಿ ಗಡುಸಾದ ಅಂಚನ್ನ ಮತ್ತೆ ಉಲ್ಟಾ ಬಗ್ಗಿಸಬೇಕು. ಸಣ್ಣ ಬಿರುಕು ಆ ಮಡಿಕೆಯ ಒಳಗೇ ಅಡಗಿ ಕೂರುತ್ತೆ, ಕಣ್ಣಿಗೆ ಬೀಳಲ್ಲ. ನನಗೆ ಕಾಣದ ಬಿರುಕಿನ ಮೇಲೆ ನಂಬಿಕೆ ಇಡಕ್ಕೆ ಬರಲ್ಲ. 37 ಡಿಗ್ರಿಯ ಸಿಂಗಲ್ ಫ್ಲೇರ್‌ನಲ್ಲಿ ಇರೋದೆಲ್ಲ ಹೊರಗೇ ಕಾಣುತ್ತೆ.

ಅವಳು: ಸಿಂಗಲ್ ಫ್ಲೇರ್ ತೆಳ್ಳಗೆ ಅಲ್ವಾ? ಅದು ಹೇಗೆ ತಡೀತದೆ?

ಮೇಸ್ತ್ರಿ: ಅದು ಒಂಟಿಯಾಗಿ ತಡೆಯಲ್ಲ. ನಟ್ಟಿನ ಒಳಗೆ ಸ್ಲೀವು ಅಂತ ಒಂದು ಬಳೆ ಬರುತ್ತೆ. ಫ್ಲೇರಿನ ಬೆನ್ನಿಗೆ ಒರಗಿ ನಿಲ್ಲೋದು ಅದು. ನಟ್ಟು ಸುತ್ತುತ್ತೆ, ಸ್ಲೀವು ಸುತ್ತಲ್ಲ, ನೇರ ತಳ್ಳುತ್ತೆ. ಹಾಗಾಗಿ ಫ್ಲೇರಿನ ಮೇಲೆ ತಿರುಚುವ ಎಳೆತ ಬೀಳಲ್ಲ. ಮೆತ್ತಗಿನ ಪೈಪಿಗೆ ಎರಡು ಪದರ ಬೇಕು, ಯಾಕಂದ್ರೆ ನಟ್ಟು ಅದನ್ನ ಕೊರೆದು ತೆಳ್ಳಗೆ ಮಾಡುತ್ತೆ. ಎಸ್‌ಎಸ್ ತಾನೇ ಗಡುಸು, ಬೆನ್ನಿಗೆ ಸ್ಲೀವು ಇದ್ರೆ ಒಂದು ಪದರ ಸಾಕು.

ಅವಳು: ಈ 37 ಡಿಗ್ರಿ ಬಂದದ್ದು ವಿಮಾನದಿಂದ. ಅಮೆರಿಕದ ಭೂಸೇನೆ, ನೌಕಾಸೇನೆ ಎರಡೂ ಸೇರಿ ಒಂದೇ ಅಳತೆ ಗೊತ್ತು ಮಾಡಿಕೊಂಡವು. ಆರ್ಮಿ, ನೇವಿ ಎರಡರ ಮೊದಲಕ್ಷರ ಸೇರಿಸಿ "ಎಎನ್" ಅಂತ ಹೆಸರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಉಳಿದ ವಿಮಾನದ ಸಾಮಾನು ಅಗ್ಗಕ್ಕೆ ಮಾರುಕಟ್ಟೆಗೆ ಬಂತು. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಹಳೇ ಫೋರ್ಡ್‌ಗಳನ್ನು ಬಿಚ್ಚಿ ವೇಗದ ಹಾಟ್ ರಾಡ್ ಮಾಡುತ್ತಿದ್ದ ಹುಡುಗರು ಅವನ್ನು ತಂದು ಕಾರಿಗೆ ಹಾಕಿದರು. ಅಲ್ಲಿಂದ ರೇಸ್ ಕಾರಿಗೆ, ಈಗ ನಮ್ಮ ಬೆಂಚಿಗೆ. ಅದರ ಲೆಕ್ಕ ಸುಲಭ. ಎಎನ್ 3 ಅಂದರೆ ಒಂದು ಇಂಚಿನ ಹದಿನಾರರಲ್ಲಿ ಮೂರು ಪಾಲು, ಎಎನ್ 4 ಅಂದರೆ ಕಾಲು ಇಂಚು, ಎಎನ್ 6 ಅಂದರೆ 3/8 ಇಂಚು. ಎಲ್ಲ ಪೈಪಿನ ಹೊರ ಅಳತೆ.

ಮೇಸ್ತ್ರಿ: ಆ ಹುಡುಗರು ಒಂದು ಒಳ್ಳೇ ಕೆಲಸ ಮಾಡಿದ್ರು. ವಿಮಾನಕ್ಕೆ ಅಂತ ಮಾಡಿದ ಸಾಮಾನು ಅದುರುವ ಜಾಗದಲ್ಲೇ ಬಾಳಬೇಕು. ಕಾರಿಗೂ ಅದೇ ಬೇಕಾದ್ದು. ಈಗ ನಿನ್ನ ಸಿಲಿಂಡರಿನ ಬಾಯಿಗೆ ಅಡಾಪ್ಟರು ಬರುತ್ತೆ. ಒಂದು ಕಡೆ ಹಳೇ ಕಾರಿನ ಥ್ರೆಡ್ಡು, ಇನ್ನೊಂದು ಕಡೆ 37ರ ಕೋನು.

ಅವಳು: ಅಡಾಪ್ಟರ್ ಹಾಕಿದಷ್ಟೂ ಸಂದು ಹೆಚ್ಚಾಯ್ತಲ್ಲ?

ಮೇಸ್ತ್ರಿ: ಹೌದು, ಅದಕ್ಕೇ ಬೇಕಾದ ಕಡೆ ಮಾತ್ರ. ಪೈಪಿನ ನಡುವೆ ಸಂದು ಇಡಬೇಡ. ಒಂದು ಬಾಯಿಂದ ಇನ್ನೊಂದು ಬಾಯಿವರೆಗೆ ಒಂದೇ ತುಂಡು. ಕಂಪ್ರೆಷನ್ ಜಾಯಿಂಟು, ಅದೇ ಬಳೆ ಒತ್ತಿ ಹಿಡಿಯೋದು, ಬ್ರೇಕಿಗೆ ಯಾವತ್ತೂ ಬೇಡ. ಆಮೇಲೆ ಥ್ರೆಡ್ಡಿನ ವಿಷಯದಲ್ಲಿ ಎಚ್ಚರ. ಕಾಲು ಇಂಚಿನ ಪೈಪಿಗೆ 37ರ ನಟ್ಟೂ 45ರ ನಟ್ಟೂ ಒಂದೇ ಥ್ರೆಡ್ಡು, 7/16 ಇಂಚು, ಇಂಚಿಗೆ 20 ಸುತ್ತು. ತಪ್ಪು ಜೋಡಿ ಕೂಡ ಸಲೀಸಾಗಿ ಸುತ್ತಿಕೊಳ್ಳುತ್ತೆ. ಸ್ಪ್ಯಾನರಿಗೆ ಬಿಗಿಯಾದ ಹಾಗೇ ಅನ್ನಿಸುತ್ತೆ. ಒಳಗೆ ಎರಡು ಕೋನುಗಳು ಒಂದು ಗೆರೆಯಲ್ಲಿ ಮಾತ್ರ ತಾಗಿರುತ್ತೆ.

ಅವಳು: ಇಂಚಿನ 3/8 ನಟ್ಟು, ಮೆಟ್ರಿಕ್ 10 ಮಿ.ಮೀ. ಬಾಯಿ, ಇದೂ ಹಾಗೇ ಅಲ್ವಾ? ಒಂದರ ದಪ್ಪ 9.5 ಮಿ.ಮೀ., ಸುತ್ತಿನ ಅಂತರ 1.06. ಇನ್ನೊಂದು 10 ಮಿ.ಮೀ., ಅಂತರ 1. ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದೇ ಇಲ್ಲ.

ಮೇಸ್ತ್ರಿ: ಜೆ.ಸಿ. ರೋಡಿಂದ ಬೇರೆ ಗಾಡಿಯ ಸಿಲಿಂಡರು ತಂದು ಹಾಕೋರು ಇಲ್ಲೇ ಮೋಸ ಹೋಗೋದು. ನಟ್ಟು ಸಡಿಲವಾಗಿ ಒಳಗೆ ಹೋಗುತ್ತೆ, ಒತ್ತಡ ಬಿದ್ದಾಗ ಥ್ರೆಡ್ಡು ಕಿತ್ತು ಬರುತ್ತೆ. ಥ್ರೆಡ್ ಗೇಜ್ ಇಟ್ಟು ನೋಡದೆ ಒಂದು ನಟ್ಟನ್ನೂ ಸುತ್ತಬಾರದು.

ಅವಳು: ಈಗ ಕೆಲಸದ ಕ್ರಮ ಹೇಳಿ. ಮೊದಲು ಕುಯ್ಯುವುದಾ, ಬಗ್ಗಿಸುವುದಾ?

ಮೇಸ್ತ್ರಿ: ಮೊದಲು ತಂತಿಯಲ್ಲಿ ದಾರಿ ಅಳೆದು ನೋಡು. ಸೈಲೆನ್ಸರ್ ಪೈಪಿಂದ ದೂರ ಇರಬೇಕು, ಸ್ಟೀರಿಂಗು ತಿರುಗಿದಾಗ ತಾಗಬಾರದು. ಆ ತಂತಿ ನೋಡಿಕೊಂಡು ಪೈಪನ್ನ ಬೆಂಡರಿನಲ್ಲಿ ಬಗ್ಗಿಸು. ಬಾಗಿನ ತ್ರಿಜ್ಯ ಪೈಪಿನ ದಪ್ಪದ ಮೂರು ಪಟ್ಟಿಗಿಂತ ಕಡಿಮೆ ಬೇಡ. ಬಗ್ಗಿಸಿದ್ದನ್ನ ಮತ್ತೆ ನೆಟ್ಟಗೆ ಮಾಡಬೇಡ. ಎಸ್‌ಎಸ್ ಅಲ್ಲೇ ಗಡುಸಾಗಿರುತ್ತೆ. ತುದಿಯಲ್ಲಿ ನಟ್ಟೂ ಸ್ಲೀವೂ ಹಿಂದೆ ಸರಿಯುವಷ್ಟು ನೇರ ಜಾಗ ಬಿಡು. ಇದೆಲ್ಲ ಸರಿಯಾದ ಮೇಲೆ ಕುಯ್ಯಿ.

ಅವಳು: ಟ್ಯೂಬ್ ಕಟರಿನಲ್ಲಿ?

ಮೇಸ್ತ್ರಿ: ಚಕ್ರದ ಕಟರು ಕುಯ್ಯಲ್ಲ, ಒತ್ತುತ್ತೆ. ಒತ್ತಿದ ಜಾಗ ಗಡುಸಾಗುತ್ತೆ, ಅಂಚು ಒಳಕ್ಕೆ ಬಾಗುತ್ತೆ. ಅರಳಿಸಬೇಕಾದ ಜಾಗಕ್ಕೇ ಮೊದಲ ಪೆಟ್ಟು ಕೊಟ್ಟ ಹಾಗೆ. ಇಂಚಿಗೆ 32 ಹಲ್ಲಿನ ಹ್ಯಾಕ್ಸಾ ಬ್ಲೇಡು ತಗೋ, ಹೊಸದು. ನಿಧಾನ, ಒಂದೇ ಸಮ ಎಳೆ. ಗ್ರೈಂಡರ್ ಡಿಸ್ಕಿನಲ್ಲಿ ಕುಯ್ದು ತುದಿ ನೀಲಿ ಬಂದ್ರೆ ಆ ಭಾಗ ಬಿಸಾಕು.

ಅವಳು: ಆಮೇಲೆ ಅರ.

ಮೇಸ್ತ್ರಿ: ಆಮೇಲೆ ಅರ. ಇಲ್ಲೇ ಹೆಚ್ಚು ಹೊತ್ತು ಕಳೀಬೇಕಾದ್ದು. ಮೂಲೆಮಟ್ಟ ಹಿಡಿದು ತುದಿ ನೇರ ಇದೆಯಾ ನೋಡು. ಓರೆ ಇದ್ರೆ ಫ್ಲೇರ್ ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಒಳಗಿನ ಮುಳ್ಳು, ಹೊರಗಿನ ಮುಳ್ಳು ಎರಡನ್ನೂ ತೆಗೆ. ಆದ್ರೆ ಒಳಗಿನ ಅಂಚನ್ನ ಕೊರೆದು ಚಾಕುವಿನ ಬಾಯಿ ಥರ ಮಾಡಬೇಡ. ಗೋಡೆ ತೆಳ್ಳಗಾದ ಕಡೆ ಹಿಗ್ಗಿದಾಗ ಸೀಳುತ್ತೆ. ಕೊನೆಗೆ ನಯವಾದ ಎಮರಿ ಕಾಗದದಲ್ಲಿ ಉಜ್ಜು. ಉಗುರಿಗೆ ಒಂದು ಗೀರೂ ಸಿಗಬಾರದು. ಆಮೇಲೆ ಒಳಗೆ ಗಾಳಿ ಹೊಡೆದು, ಬ್ರೇಕ್ ಕ್ಲೀನರ್ ಬಿಟ್ಟು ತೊಳಿ. ಒಳಗೆ ಉಳಿದ ಒಂದು ಚೂರು ಲೋಹ ಸಾಕು ರಬ್ಬರ್ ಕಪ್ಪನ್ನ ಹಾಳು ಮಾಡಕ್ಕೆ.

ಅವಳು: ಫ್ಲೇರ್ ಹೊಡೆಯುವ ಮೊದಲು ನಟ್ಟು, ಸ್ಲೀವು ಪೈಪಿಗೆ ಏರಿಸಬೇಕು.

ಮೇಸ್ತ್ರಿ: ಹೌದು, ಮೊದಲು ನಟ್ಟು, ಆಮೇಲೆ ಸ್ಲೀವು, ಸ್ಲೀವಿನ ಅಗಲದ ಬಾಯಿ ತುದಿ ಕಡೆಗೆ. ಕೋನಿಗೆ ಎಣ್ಣೆ ಬೇಕೇ ಬೇಕು, ಇಲ್ಲಾಂದ್ರೆ ಎಸ್‌ಎಸ್ ಟೂಲಿಗೆ ಕಚ್ಚಿಕೊಂಡು ಕಿತ್ತುಕೊಳ್ಳುತ್ತೆ. ಬ್ರೇಕ್ ಪೈಪಿಗೆ ಎಂಜಿನ್ ಆಯಿಲ್, ಗ್ರೀಸು ಮುಟ್ಟಿಸಬೇಡ. ಸಿಲಿಂಡರಿನ ರಬ್ಬರು ಅದಕ್ಕೆ ಊದಿಕೊಳ್ಳುತ್ತೆ. ಒಂದು ಹನಿ ಬ್ರೇಕ್ ಆಯಿಲ್ಲೇ ಸಾಕು. ಟೂಲನ್ನ ನಿಧಾನ, ನಿಲ್ಲಿಸದೆ ತಿರುಗಿಸು. ಅರ್ಧ ಮಾಡಿ, ಬಿಚ್ಚಿ ನೋಡಿ, ಮತ್ತೆ ಒತ್ತೋದು ಬೇಡ.

ಅವಳು: ಫ್ಲೇರ್ ಸರಿ ಬಂದಿದೆಯಾ ಅಂತ ಹೇಗೆ ತೀರ್ಮಾನಿಸುವುದು?

ಮೇಸ್ತ್ರಿ: ಸ್ಲೀವನ್ನ ಮುಂದಕ್ಕೆ ತಂದು ಫ್ಲೇರಿಗೆ ಒರಗಿಸು. ಫ್ಲೇರಿನ ಅಂಚು ಸ್ಲೀವಿನ ಬಾಯಿ ತುಂಬಬೇಕು, ಅದರ ಹೊರ ಅಂಚು ದಾಟಬಾರದು. ದಾಟಿದ್ರೆ ನಟ್ಟಿನ ಥ್ರೆಡ್ಡಿಗೆ ತಾಗುತ್ತೆ. ಚಿಕ್ಕದಾದ್ರೆ ಹಿಡಿತ ಸಾಲಲ್ಲ. ಆಮೇಲೆ ಭೂತಕನ್ನಡಿ ಹಿಡಿ. ಅಂಚಲ್ಲಿ ಕೂದಲಷ್ಟು ಬಿರುಕು ಕಂಡ್ರೂ, ಕೂತುಕೊಳ್ಳುವ ಮುಖದ ಮೇಲೆ ಒಂದು ಗೀರು ಕಂಡ್ರೂ ಕುಯ್ದು ಬಿಸಾಕಿ ಮತ್ತೆ ಮಾಡು. ಸಣ್ಣ ಗೀರು ಬಿಗಿದ್ರೆ ಮುಚ್ಚಿಹೋಗುತ್ತೆ ಅನ್ನೋ ಮಾತು ತಾಮ್ರಕ್ಕೆ ಸರಿ. ಎಸ್‌ಎಸ್ ಹಾಗೆ ಬಗ್ಗಿ ಕೂರಲ್ಲ.

ಅವಳು: ಅದೇ ನನಗೆ ಚಿಂತೆ. ಒಳ್ಳೇ ಫ್ಲೇರ್ ಆದರೂ ಸ್ಟೇನ್‌ಲೆಸ್ ಮೊದಲ ಸಲ ಸ್ವಲ್ಪ ಒಸರುತ್ತದೆ ಅಂತ ಹೇಳ್ತಾರಲ್ಲ.

ಮೇಸ್ತ್ರಿ: ಒಸರಬಹುದು. ಫ್ಲೇರು, ಕೋನು ಎರಡೂ ಗಡುಸು, ಒಂದಕ್ಕೊಂದು ಹೊಂದಿಕೋಬೇಕು. ಕೈಯಲ್ಲಿ ಪೂರ್ತಿ ಸುತ್ತು, ಮಾರ್ಕರಿನಲ್ಲಿ ನಟ್ಟಿಗೂ ಫಿಟ್ಟಿಂಗಿಗೂ ಸೇರಿ ಒಂದು ಗೆರೆ ಎಳಿ, ಆಮೇಲೆ ಫ್ಲೇರ್ ನಟ್ ಸ್ಪ್ಯಾನರಿನಲ್ಲಿ ಫಿಟ್ಟಿಂಗ್ ಮಾಡಿದವರು ಹೇಳಿದಷ್ಟೇ ಬಿಗಿ. ಸಡಿಲಿಸಿ, ಮತ್ತೆ ಬಿಗಿ. ಎರಡು ಮೂರು ಸಲ ಹಾಗೆ ಮಾಡಿದ್ರೆ ಮುಖಗಳು ಕೂರುತ್ತೆ. ಆಗಲೂ ಒಸರಿದ್ರೆ ಕೋನಿನ ಮೇಲೆ ಕೂರುವ ತೆಳ್ಳನೆ ತಾಮ್ರದ ವಾಷರು ಸಿಗುತ್ತೆ, ಹಾಕಬಹುದು. ಅದಕ್ಕೂ ನಿಲ್ಲಲಿಲ್ಲ ಅಂದ್ರೆ ಫ್ಲೇರೇ ಸರಿಯಿಲ್ಲ. ಟೆಫ್ಲಾನ್ ಟೇಪು ಸುತ್ತಬೇಡ. ಇಲ್ಲಿ ತಡೆಯೋದು ಕೋನು, ಥ್ರೆಡ್ಡಲ್ಲ. ಟೇಪಿನ ಚೂರು ಒಳಗೆ ಹೋಗುತ್ತೆ ಅಷ್ಟೆ.

ಅವಳು: ಪೈಪು ಬಾಯಿಗೆ ನೇರವಾಗಿ ಬಂದಿಲ್ಲ ಅಂದರೆ, ನಟ್ಟಿನಲ್ಲೇ ಎಳೆದು ಕೂರಿಸುವುದನ್ನು ನೋಡಿದ್ದೇನೆ.

ಮೇಸ್ತ್ರಿ: ಹಾಗೆ ಎಳೆದು ಕೂರಿಸಿದ ಪೈಪು ಯಾವಾಗಲೂ ಬಿಗಿತದಲ್ಲೇ ಇರುತ್ತೆ. ಗಾಡಿ ಅದುರಿದಾಗ ಬಿರುಕು ಫ್ಲೇರಿನ ಬುಡದಲ್ಲೇ ಶುರುವಾಗುತ್ತೆ. ಪೈಪು ತಾನಾಗೇ ಬಾಯಿಗೆ ಬಂದು ನಿಲ್ಲಬೇಕು, ನಟ್ಟು ಬರೀ ಹಿಡಿದುಕೋಬೇಕು. ಮಾಸ್ಟರ್ ಸಿಲಿಂಡರಿನ ಹತ್ತಿರ ಒಂದು ಸುತ್ತು ಸುರುಳಿ ಬಿಡು, ಅಲುಗಾಟವನ್ನ ಅದು ತಗೊಳ್ಳುತ್ತೆ. ಚಾಸಿ ಉದ್ದಕ್ಕೂ ರಬ್ಬರ್ ಇರೋ ಕ್ಲಿಪ್ಪು ಹಾಕು. ಚಕ್ರ ಏಳೋ ಬೀಳೋ ಕಡೆ ಪೈಪು ಬೇಡ, ಫ್ಲೆಕ್ಸಿಬಲ್ ಹೋಸೇ ಇರಲಿ.

ಅವಳು: ಕೊನೆಗೆ ಟೆಸ್ಟು.

ಮೇಸ್ತ್ರಿ: ಆಯಿಲ್ ತುಂಬಿ, ಪೈಪಿನೊಳಗಿನ ಗಾಳಿ ತೆಗೆದ ಮೇಲೆ ಒಬ್ಬರು ಪೆಡಲ್ ಪೂರ್ತಿ ಒತ್ತಿ ಹಿಡೀಬೇಕು. ಇನ್ನೊಬ್ಬರು ಒಂದೊಂದೇ ಸಂದನ್ನ ಬಿಳಿ ಕಾಗದದಲ್ಲಿ ಒರೆಸಿ ನೋಡಬೇಕು. ಪೆಡಲ್ ನಿಧಾನವಾಗಿ ಕೆಳಗೆ ಇಳಿದ್ರೆ ಎಲ್ಲೋ ಸೋರ್ತಾ ಇದೆ ಅಂತ. ರಾತ್ರಿ ಬಿಟ್ಟು ಬೆಳಿಗ್ಗೆ ಮತ್ತೆ ಮಾಡು. ಆಮೇಲೆ ಅಂಗಳದಲ್ಲೇ ನಿಧಾನಕ್ಕೆ ಓಡಿಸು. ರಸ್ತೆಗೆ ಇಳಿಸೋದು ಕೊನೆಗೆ.

ಅವಳು: ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ತದೆ. ಡಾಟ್ 3 ದರ್ಜೆಯದ್ದು ಹೊಸದಿದ್ದಾಗ 205 ಡಿಗ್ರಿಯವರೆಗೆ ಕುದಿಯುವುದಿಲ್ಲ, ತೇವ ಸೇರಿದ ಮೇಲೆ 140ಕ್ಕೆ ಇಳೀತದೆ. ಘಟ್ಟ ಇಳಿಯುವಾಗ ಅದು ಕುದಿದರೆ ಎಷ್ಟು ಒಳ್ಳೇ ಫ್ಲೇರ್ ಇದ್ದರೂ ಪ್ರಯೋಜನ ಇಲ್ಲ. ಎರಡು ವರ್ಷಕ್ಕೊಮ್ಮೆ ಆಯಿಲ್ ಬದಲಾಯಿಸ್ತೇನೆ. ಸ್ಟೇನ್‌ಲೆಸ್ ಪೈಪು ಹಾಕಿದೆ ಅಂತ ಅದನ್ನು ಬಿಡುವ ಹಾಗಿಲ್ಲ.

ಮೇಸ್ತ್ರಿ: ಪೆಟ್ರೋಲ್ ಪೈಪಿಗೂ ಇದೇ ಶಿಸ್ತು. ಅಲ್ಲಿ ಒತ್ತಡ ಕಡಿಮೆ ಅಂತ ಸಡಿಲ ಬಿಡ್ತಾರೆ. ಸೋರಿದ ಪೆಟ್ರೋಲು ಬಿಸಿ ಎಂಜಿನ್ ಮೇಲೆ ಬಿದ್ರೆ ಒತ್ತಡದ ಲೆಕ್ಕ ಯಾರು ಕೇಳ್ತಾರೆ?

ಅವಳು: ಅಣ್ಣ, ಒಂದು ಮಾತು ಕೇಳ್ತೇನೆ. ಗಾಡಿ ನನ್ನದು, ಪೈಪು ನನ್ನದು, ಕಲಿಯುವ ಆಸೆಯೂ ನನ್ನದು. ಆದರೆ ನನ್ನ ಬ್ರೇಕ್ ಹಿಡಿಯದಿದ್ದರೆ ಪೆಟ್ಟು ತಿನ್ನುವವರು ಮುಂದೆ ಹೋಗುವ ಸ್ಕೂಟರಿನವರು. ಕಲಿಯುವವಳೊಬ್ಬಳು ಬ್ರೇಕಿಗೆ ಕೈ ಹಾಕುವುದು ಸರಿಯಾ?

ಮೇಸ್ತ್ರಿ: ಕಲಿಯುವವಳು ಬ್ರೇಕಿಗೆ ಕೈ ಹಾಕಬಾರದು. ಕಲಿತವಳು ಹಾಕಬಹುದು. ಎರಡರ ನಡುವೆ ಇರೋದು ಬೆಂಚಿನ ಮೇಲಿನ ತುಂಡು ಪೈಪುಗಳು. ಒಂದೊಂದಕ್ಕೂ ಫ್ಲೇರ್ ಹೊಡಿ, ಸ್ಲೀವಿಗೆ ಒರಗಿಸಿ ನೋಡು, ಕೆಲವನ್ನ ಉದ್ದಕ್ಕೆ ಸೀಳಿ ಗೋಡೆ ಎಲ್ಲಿ ತೆಳ್ಳಗಾಗಿದೆ ನೋಡು. ಒಂದು ಚೆನ್ನಾಗಿ ಬಂತು ಅಂದ ಮಾತ್ರಕ್ಕೆ ನಿಲ್ಲಿಸಬೇಡ, ಒಂದು ಯಾರಿಗಾದ್ರೂ ಬರುತ್ತೆ. ಗಾಡಿಯಲ್ಲಿ ಇಪ್ಪತ್ತರ ಹತ್ತಿರ ಫ್ಲೇರ್ ಬರುತ್ತೆ. ಬ್ರೇಕಿನ ಬಲ ಅಂದ್ರೆ ಅದರಲ್ಲಿ ಅತಿ ಕೆಟ್ಟ ಫ್ಲೇರಿನ ಬಲ. ಸಾಲಾಗಿ ಜೋಡಿಸಿಟ್ರೆ ಯಾವುದು ಮೊದಲು ಮಾಡಿದ್ದು, ಯಾವುದು ಆಮೇಲೆ ಮಾಡಿದ್ದು ಅಂತ ನಿನಗೇ ಗುರುತು ಸಿಗಬಾರದು. ಅಲ್ಲಿವರೆಗೆ ಗಾಡಿ ಜಾಕಿ ಮೇಲೇ ಇರಲಿ.

ಅವಳು: ಅಷ್ಟಕ್ಕೆ ಎಷ್ಟು ಪೈಪು ಹೆಚ್ಚಿಗೆ ತರಲಿ?

ಮೇಸ್ತ್ರಿ: ಬೇಕಾದ್ದಕ್ಕಿಂತ ಎರಡು ಮೀಟರ್ ಜಾಸ್ತಿ ತಗೋ, ಅದೇ ಅಂಗಡಿ, ಅದೇ ಕಟ್ಟಿನದ್ದು. ಬೇರೆ ಪೈಪಲ್ಲಿ ಕಲಿತ ಕೈ ಈ ಪೈಪಿಗೆ ಬರಲ್ಲ. ಆ ಎರಡು ಮೀಟರನ್ನ ದಂಡ ಅಂತ ಬರೀಬೇಡ, ಬ್ರೇಕಿನ ಖರ್ಚಲ್ಲೇ ಸೇರಿಸಿ ಬರಿ.